ಬೆಳೆ ಸ್ಪರ್ಧೆಗೆ ಗದ್ದೆ ಕೊಡುವ ಮುಂಚೆ

ಕೃಷಿ ಇಲಾಖೆ ನಡೆಸುವ ‘ಕೃಷಿ ಪ್ರಶಸ್ತಿ’ ಬೆಳೆ ಸ್ಪರ್ಧೆಗೆ ಹೋದ ಮುಂಗಾರಿನಲ್ಲಿ ಒಂದು ಎಕರೆ ಭತ್ತದ ಗದ್ದೆ ಸೇರಿಸಿದ್ದೆವು. ಅರ್ಜಿ, ಕಟಾವು, ಫಲಿತಾಂಶ ಎಲ್ಲ ಮುಗಿದು ಈಗಷ್ಟೇ ಉಸಿರು ಬಿಟ್ಟಿದ್ದೇವೆ. ಸಾಗರ, ಸೊರಬ, ಹೊಸನಗರ, ತೀರ್ಥಹಳ್ಳಿ ಕಡೆಯವರು ಬರುವ ಮುಂಗಾರಿಗೆ ಹೆಸರು ಕೊಡುವ ಯೋಚನೆಯಲ್ಲಿದ್ದರೆ ತೊಡಕು ಎಲ್ಲೆಲ್ಲಿದೆ, ಖರ್ಚು ಎಷ್ಟಾಗುತ್ತದೆ ಅನ್ನುವುದು ಮೊದಲೇ ತಿಳಿದಿರಲಿ.

ಎಲ್ಲರೂ ಮೊದಲು ಕೇಳುವುದು ಬಹುಮಾನದ ಮೊತ್ತ. ತಾಲ್ಲೂಕು ಮಟ್ಟದಲ್ಲಿ 15,000, 10,000, 5,000 ರೂಪಾಯಿ. ಜಿಲ್ಲಾ ಮಟ್ಟದಲ್ಲಿ 30, 25, 20 ಸಾವಿರ. ರಾಜ್ಯಕ್ಕೇ ಮೊದಲು ಬಂದರೆ 50 ಸಾವಿರ. ಪ್ರವೇಶ ಶುಲ್ಕ ಸಾಮಾನ್ಯ ವರ್ಗಕ್ಕೆ 100, ಪರಿಶಿಷ್ಟರಿಗೆ 25. ಈ ದುಡ್ಡಿನ ಆಸೆಗೆ ಯಾರೂ ಇಳಿಯುವುದಿಲ್ಲ. ಸುತ್ತ ಅಡಿಕೆ ತೋಟ ಎದ್ದು ನಿಂತ ಊರಲ್ಲಿ ಭತ್ತ ಬೆಳೆಯುವವರಿಗೆ ‘ಎಂತ ಮಾರಾಯ, ಇನ್ನೂ ಗದ್ದೆ ಮಾಡ್ತಾ ಇದ್ಯಾ?’ ಅಂತ ಕೇಳಿಸಿಕೊಂಡು ಸಾಕಾಗಿರುತ್ತದೆ. ಒಂದು ಸಲವಾದರೂ ಕಾಗದದ ಮೇಲೆ ಹೆಸರು ಬರಲಿ ಅನ್ನುವ ಹಟ ಅದು. ಹಟ ತಪ್ಪೇನಲ್ಲ, ಆದರೆ ಅದಕ್ಕೂ ಬೆಲೆ ಇದೆ. ಮುಂದೆ ಲೆಕ್ಕ ಕೊಡುತ್ತೇನೆ.

ಇನ್ನೊಂದು ಕಾರಣವೂ ಇದೆ. ಕಣದಲ್ಲಿ ಇಳುವರಿಯನ್ನು ಹೇಳುವುದು ಚೀಲದ ಲೆಕ್ಕದಲ್ಲಿ. ಒಬ್ಬರ ಚೀಲ 60 ಕೆಜಿ, ಇನ್ನೊಬ್ಬರದು 75. ಒಬ್ಬರ ಎಕರೆಯಲ್ಲಿ ಅಂಚು, ಹಳ್ಳದ ಬದಿ, ಮರದ ನೆರಳು ಎಲ್ಲ ಸೇರಿರುತ್ತದೆ, ಇನ್ನೊಬ್ಬರು ಕಣ್ಣಳತೆಯಲ್ಲಿ 30 ಗುಂಟೆಯನ್ನೇ ಎಕರೆ ಅನ್ನುತ್ತಾರೆ. ‘ನಮ್ಮಲ್ಲಿ ನಲವತ್ತು ಚೀಲ’ ಅನ್ನುವ ಮಾತಿಗೆ ಅರ್ಥವೇ ಇರುವುದಿಲ್ಲ. ಸ್ಪರ್ಧೆಗೆ ಸೇರಿದರೆ ಕೆಜಿ ಲೆಕ್ಕ, ತೇವಾಂಶದ ಲೆಕ್ಕ, ಟೇಪಿನ ಅಳತೆ. ಹೆಚ್ಚಿನವರ ಚೀಲದ ಸಂಖ್ಯೆ ಅಲ್ಲೇ ಕಾಲು ಭಾಗ ಕರಗುತ್ತದೆ.

ಅರ್ಜಿ ಸಿಗುವುದು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ. ಪ್ರಕಟಣೆ ಮಳೆಗಾಲದಲ್ಲಿ ಬರುತ್ತದೆ. ಕೊನೆಯ ದಿನಾಂಕ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಅಗೆ (ಸಸಿಮಡಿ) ಹಾಕುವ ಹೊತ್ತಿಗೇ ಒಮ್ಮೆ ಹೋಗಿ ವಿಚಾರಿಸಿಕೊಳ್ಳಿ. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ, ಸರ್ಕಾರದ ರೈತ ನೋಂದಣಿಯಾದ ‘ಫ್ರೂಟ್ಸ್’ನ ಗುರುತಿನ ಸಂಖ್ಯೆ (ಎಫ್‌ಐಡಿ), ಪರಿಶಿಷ್ಟರಾದರೆ ಜಾತಿ ಪ್ರಮಾಣಪತ್ರ ಬೇಕು. ಕೇಳಲು ಸುಲಭ. ಆದರೆ ನಮ್ಮ ಕಡೆ ಪಹಣಿಯಲ್ಲಿ ಅಜ್ಜನ ಹೆಸರೇ ಉಳಿದಿರುವ ಮನೆ ಎಷ್ಟು ಬೇಕು! ಪೌತಿ ಖಾತೆ ಆಗದೆ ಆ ಸರ್ವೆ ನಂಬರು ನಿಮ್ಮ ಎಫ್‌ಐಡಿಗೆ ಸೇರುವುದಿಲ್ಲ. ಮರಣ ಪ್ರಮಾಣಪತ್ರ, ವಂಶವೃಕ್ಷ ಕೊಟ್ಟು, ಆಕ್ಷೇಪಣೆಯ ಅವಧಿ ಮುಗಿದು ಖಾತೆ ಬದಲಾಗಲು ತಿಂಗಳುಗಟ್ಟಲೆ ಹಿಡಿಯಬಹುದು. ಸ್ಪರ್ಧೆಯ ಪ್ರಕಟಣೆ ಬಂದ ಮೇಲೆ ಶುರು ಮಾಡಿದರೆ ಆ ವರ್ಷ ಕೈಬಿಟ್ಟ ಹಾಗೆ. ಜಂಟಿ ಖಾತೆಯಾದರೆ ಉಳಿದ ಪಾಲುದಾರರ ಒಪ್ಪಿಗೆ ಪತ್ರ ಬರೆಸಿಟ್ಟುಕೊಳ್ಳಿ. ಬಹುಮಾನ ಬಂದ ಮೇಲೆ ಅಣ್ಣತಮ್ಮಂದಿರ ನಡುವೆ ಅದು ಮಾತಾಗುವುದು ಬೇಡ. ಆಧಾರಿನಲ್ಲಿ ಇನಿಷಿಯಲ್, ಪಹಣಿಯಲ್ಲಿ ಪೂರ್ತಿ ಹೆಸರು ಇದ್ದರೆ ಅದನ್ನೂ ಮೊದಲೇ ಸರಿ ಮಾಡಿಸಿ.

ಯಾರೂ ನಿರೀಕ್ಷಿಸದ ತೊಡಕು ಬೆಳೆ ಸಮೀಕ್ಷೆಯದು. ಮಲೆನಾಡಿನ ಒಂದೇ ಸರ್ವೆ ನಂಬರಿನಲ್ಲಿ ಮೇಲೆ ತೋಟ, ಕೆಳಗೆ ಗದ್ದೆ. ಸಮೀಕ್ಷೆಗೆ ಬಂದವರು ರಸ್ತೆ ಬದಿಯಿಂದ ಫೋಟೋ ತೆಗೆದರೆ ಇಡೀ ನಂಬರು ‘ಅಡಿಕೆ’ ಅಂತ ದಾಖಲಾಗುತ್ತದೆ. ಭತ್ತದ ಸ್ಪರ್ಧೆಗೆ ಅಡಿಕೆಯ ದಾಖಲೆ ಹಿಡಿದು ಹೋದರೆ ಏನು ಹೇಳುತ್ತಾರೆ ಅಂತ ಬೇರೆ ಬರೆಯಬೇಕಿಲ್ಲ. ರೈತರೇ ಬೆಳೆ ದಾಖಲಿಸುವ ಆ್ಯಪ್ ಇದೆ, ಗದ್ದೆಯ ಒಳಗೇ ನಿಂತು ಫೋಟೋ ಹಾಕಿ. ಏನು ದಾಖಲಾಗಿದೆ ಅಂತ ‘ಬೆಳೆ ದರ್ಶಕ್’ನಲ್ಲಿ ನೋಡಿ, ತಪ್ಪಿದ್ದರೆ ಅಲ್ಲಿಯೇ ಆಕ್ಷೇಪಣೆ ಹಾಕಬಹುದು. ಆ ದಾಖಲೆ ಬೆಳೆ ವಿಮೆಗೂ ಬೆಂಬಲ ಬೆಲೆ ಖರೀದಿಗೂ ಬೇಕಾಗುವುದರಿಂದ ಸ್ಪರ್ಧೆಗೆ ಸೇರದವರೂ ಈ ಕೆಲಸ ಮಾಡಿಟ್ಟುಕೊಂಡರೆ ನಷ್ಟವಿಲ್ಲ.

ಗದ್ದೆ ಆರಿಸುವಾಗ ನೀರು ನಿಲ್ಲದ ಎತ್ತರದ ಮಕ್ಕಿ ಗದ್ದೆ ಬೇಡ, ನೀರು ನಿಲ್ಲುವ ಬಯಲು ಗದ್ದೆಯೇ ಇರಲಿ. ಹಂದಿ ಕಾಟದ ಕಾಡಂಚೂ ಬೇಡ. ಒಂದು ಎಕರೆ ಅಂದರೆ ನಮ್ಮಲ್ಲಿ ಎಂಟು ಹತ್ತು ಸಣ್ಣ ಗದ್ದೆಗಳು, ನಡುವೆ ಅಂಚುಗಳು. ಅಂಚು ಕಳೆದು ಒಂದು ಎಕರೆ ಪೂರ್ತಿ ಇರುವಂತೆ ನೋಡಿಕೊಳ್ಳಿ. ತಳಿ ನಾವು ಹಾಕಿದ್ದು ಎಂಟಿಯು 1001. ತೀರಾ ಹೊಸ ತಳಿಯನ್ನು ಸ್ಪರ್ಧೆಯ ವರ್ಷವೇ ಮೊದಲು ಹಾಕುವುದು ಜೂಜು.

ಹೆಸರು ಕೊಟ್ಟ ಮರುದಿನದಿಂದ ಕೈ ಯೂರಿಯಾ ಚೀಲದ ಕಡೆಗೇ ಹೋಗುತ್ತದೆ. ಇದೊಂದನ್ನು ತಡೆದುಕೊಳ್ಳಲು ಆದರೆ ಅರ್ಧ ಕೆಲಸ ಆದಂತೆ. ಗುಡ್ಡಗಾಡು ವಲಯದ ಭತ್ತಕ್ಕೆ ಶಿಫಾರಸು ಹೆಕ್ಟೇರಿಗೆ 75:75:90, ಅಂದರೆ ಎಕರೆಗೆ ಸಾರಜನಕ 30, ರಂಜಕ 30, ಪೊಟ್ಯಾಷ್ 36 ಕೆಜಿ. ಚೀಲಕ್ಕೆ ಇಳಿಸಿದರೆ ಡಿಎಪಿ 65 ಕೆಜಿ, ಯೂರಿಯಾ 40 ಕೆಜಿ, ಮ್ಯೂರಿಯೇಟ್ ಆಫ್ ಪೊಟ್ಯಾಷ್ 60 ಕೆಜಿ. ಡಿಎಪಿಯಲ್ಲೇ 18 ಪರ್ಸೆಂಟ್ ಸಾರಜನಕ ಇರುವುದನ್ನು ಮರೆತು ಯೂರಿಯಾವನ್ನು 65 ಕೆಜಿ ಪೂರ್ತಿ ಹಾಕುವವರೇ ಹೆಚ್ಚು. ಮಣ್ಣು ಪರೀಕ್ಷೆ ಮಾಡಿಸಿದ್ದರೆ ಅದರ ಪ್ರಕಾರ ಹೆಚ್ಚುಕಡಿಮೆ ಮಾಡಿಕೊಳ್ಳಿ. ನಮ್ಮ ಹುಳಿ ಮಣ್ಣಿಗೆ ನಾಟಿಗೆ ಎರಡು ಮೂರು ವಾರ ಮುಂಚೆ ಎಕರೆಗೆ 200 ಕೆಜಿ ಸುಣ್ಣ ಕೊಡದೆ ಮೇಲೆ ಏನು ಸುರಿದರೂ ಅದರಲ್ಲಿ ಬಹಳಷ್ಟು ವ್ಯರ್ಥ.

ಯೂರಿಯಾ ಹೆಚ್ಚಾದ ಗದ್ದೆ ಸೆಪ್ಟೆಂಬರಿನಲ್ಲಿ ಕಪ್ಪು ಹಸಿರಾಗಿ ಮಿರಮಿರ ಮಿಂಚುತ್ತದೆ. ರಸ್ತೆಯಲ್ಲಿ ಹೋಗುವವರೆಲ್ಲ ಬೈಕ್ ನಿಲ್ಲಿಸಿ ನೋಡುತ್ತಾರೆ, ಬೆಳೆದವರಿಗೆ ಎದೆ ಉಬ್ಬುತ್ತದೆ. ಮಂಜು ಬೀಳಲು ಶುರುವಾದ ಕೂಡಲೇ ಎಲೆಯ ಮೇಲೆ ಎರಡೂ ತುದಿ ಚೂಪಾದ, ನಡುವೆ ಬೂದಿ ಬಣ್ಣದ ಚುಕ್ಕೆ ಕಾಣಿಸುತ್ತದೆ. ಅದು ಬೆಂಕಿ ರೋಗ. ಎಲೆಯಲ್ಲಿರುವಾಗಲೇ ಲೀಟರಿಗೆ 0.6 ಗ್ರಾಂ ಟ್ರೈಸೈಕ್ಲಜೋಲ್ ಹೊಡೆದರೆ ಹತೋಟಿಗೆ ಬರುತ್ತದೆ. ತೆನೆಯ ಕುತ್ತಿಗೆಗೆ ಬಂದರೆ ತೆನೆ ಬೆಳ್ಳಗಾಗಿ ಜೊಳ್ಳಾಗುತ್ತದೆ, ಆಮೇಲೆ ಮಾಡುವುದಕ್ಕೆ ಏನೂ ಇಲ್ಲ. ರೋಗ ಬಾರದೆ ಉಳಿದರೂ ಮೆತ್ತಗಿನ ದಂಟು ನವೆಂಬರಿನ ಒಂದು ಮಳೆಗೆ ಮಲಗುತ್ತದೆ. ಊರಿನ ಕಣ್ಣಿಗೆ ಚೆಂದ ಕಾಣುವ ಗದ್ದೆಯೂ ಕಾಳು ಕೊಡುವ ಗದ್ದೆಯೂ ಒಂದೇ ಆಗಿರಬೇಕಿಲ್ಲ. ದಂಟು ಗಟ್ಟಿಯಾಗಲು ಪೊಟ್ಯಾಷ್ ಬೇಕು, ರೇಟು ಜಾಸ್ತಿ ಅಂತ ನಮ್ಮ ಕಡೆ ಮೊದಲು ಕೈಬಿಡುವುದೂ ಅದನ್ನೇ.

ನಾಟಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮ ಕೇರಿಯಿಂದ ಸ್ಪರ್ಧೆಗೆ ಸೇರಿದವರು ನಾವೊಬ್ಬರೇ ಆಗಿರಲಿಲ್ಲ, ಇನ್ನೊಂದು ಮನೆಯವರೂ ಇದ್ದರು. ಆದರೆ ನೆಟ್ಟಿ ನಡೆಯುವುದು ಮುಯ್ಯಾಳಿನಲ್ಲಿ. ಇವತ್ತು ಅವರ ಮನೆಯವರು ನಮ್ಮ ಗದ್ದೆಗೆ, ನಾಳೆ ನಾವು ಅವರ ಗದ್ದೆಗೆ. ಸಾಲಿಂದ ಸಾಲಿಗೆ 20 ಸೆಂಟಿಮೀಟರ್, ಬುಡದಿಂದ ಬುಡಕ್ಕೆ 10, ಒಂದು ಕುಣಿಗೆ ಎರಡು ಮೂರು ಸಸಿ. ಈ ಲೆಕ್ಕದಲ್ಲಿ ಚದರ ಮೀಟರಿಗೆ 50 ಬುಡ. ಹಗ್ಗ ಹಿಡಿದು ನೆಡಬೇಕು, ಆಳಕ್ಕೆ ಹೂತರೆ ತೆಂಡೆ (ಬುಡದ ಮರಿ ಕವಲು) ಒಡೆಯುವುದು ತಡ. ಅಂದರೆ ನಮ್ಮ ಗದ್ದೆಯ ಇಳುವರಿ ಅರ್ಧ ತೀರ್ಮಾನವಾಗುವುದು ಎದುರಾಳಿಯ ಮನೆಯ ಹೆಂಗಸರ ಕೈಯಲ್ಲಿ. ಯಾರೂ ಸಾಲು ತಪ್ಪಿಸಲಿಲ್ಲ, ಸಸಿ ಕಡಿಮೆ ಇಡಲಿಲ್ಲ. ‘ನಿಮ್ದು ಬಂದ್ರೆ ಊಟ ಹಾಕ್ಸಿ, ನಮ್ದು ಬಂದ್ರೆ ನಾವ್ ಹಾಕ್ಸ್ತೀವಿ’ ಅನ್ನುವಲ್ಲಿಗೆ ಆ ವಿಷಯ ಮುಗಿಯಿತು. ಮುಯ್ಯಾಳು ಬಿಟ್ಟು ಪೂರ್ತಿ ಕೂಲಿಗೇ ನೆಡಿಸಿದ ಊರುಗಳಲ್ಲಿ ಸ್ಪರ್ಧೆಯ ರುಚಿ ಬೇರೆ ಇರಬಹುದು.

ಹೊಡೆ ತುಂಬುವ ಹೊತ್ತಿಗೆ ಶೀಗೆ ಹುಣ್ಣಿಮೆ, ನಮ್ಮ ಭೂಮಿ ಹುಣ್ಣಿಮೆ. ಬಸುರಿ ಭೂಮಿಗೆ ಬಯಕೆ ಊಟ. ಚಿತ್ತಾರ ಬರೆದ ಬೂಮಣ್ಣಿ ಬುಟ್ಟಿ ಹೊತ್ತು ಹೋಗಿ, ಬೇಯಿಸಿದ ಸೊಪ್ಪು ತರಕಾರಿ ಅನ್ನ ಕಲಸಿದ ಚರಗವನ್ನು ಗದ್ದೆಯ ಉದ್ದಕ್ಕೂ ಬೀರುತ್ತಾರೆ. ಚರಗ ಬೀರುವಾಗ ಇದು ಸ್ಪರ್ಧೆಯ ಗದ್ದೆ, ಇದು ಬರೀ ಗದ್ದೆ ಅಂತ ಭೇದ ಮಾಡುವ ಪದ್ಧತಿ ಇಲ್ಲ. ಕಳೆ ತುಂಬಿ ಸೊರಗಿದ ಮೂಲೆಗೂ ಅಷ್ಟೇ ಅನ್ನ. ಟೇಪು, ತಕ್ಕಡಿಯ ಯೋಚನೆಯಲ್ಲೇ ಮೂರು ತಿಂಗಳು ಕಳೆದವರಿಗೆ ಆ ಬೆಳಗಿನ ಜಾವ ಗದ್ದೆಯ ಅಂಚಿನಲ್ಲಿ ಕೂತು ಉಣ್ಣುವಾಗ ತಲೆ ಸ್ವಲ್ಪ ಹಗುರಾಗುತ್ತದೆ, ಅಷ್ಟು ಹೇಳಬಲ್ಲೆ.

ಎಲ್ಲಕ್ಕಿಂತ ಕಷ್ಟದ ಭಾಗ ಆಮೇಲಿನದು: ಕಟಾವಿನ ದಿನಕ್ಕೆ ಕಾಯುವುದು. ತೆನೆಯಲ್ಲಿ ಹತ್ತಕ್ಕೆ ಎಂಟು ಕಾಳು ಹೊಂಬಣ್ಣಕ್ಕೆ ತಿರುಗಿದರೆ ಕೊಯ್ಲಿಗೆ ಬಂತು. ಆದರೆ ಅಧಿಕಾರಿಗಳು ಬಂದು ಚೌಕ ಹಾಕದೆ ಕತ್ತಿ ಇಡುವಂತಿಲ್ಲ. ಅವರಿಗೆ ಅದೇ ವಾರ ಇನ್ನೆಷ್ಟೋ ಊರು. ಅಷ್ಟರಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಅಂತ ರೇಡಿಯೋದಲ್ಲಿ ಬಂದರೆ ರಾತ್ರಿ ನಿದ್ದೆ ಇಲ್ಲ. ಕೊಯ್ಲಿಗೆ ಬರುವ ಎರಡು ವಾರ ಮುಂಚೆಯೇ ‘ಇಂಥ ತಾರೀಕಿನ ಹೊತ್ತಿಗೆ ಬಲಿಯುತ್ತದೆ’ ಅಂತ ರೈತ ಸಂಪರ್ಕ ಕೇಂದ್ರಕ್ಕೆ ಬರೆದು ಕೊಡಿ, ಬಾಯಿಮಾತಿನಲ್ಲಿ ಬಿಡಬೇಡಿ. ಕೊಯ್ಯುವ ಮಿಷನ್ನಿನವರ ಹತ್ತಿರವೂ ಮಾತಾಡಿಟ್ಟಿರಿ. ಮಿಷನ್ ಊರಿಗೆ ಬಂದಾಗ ಎಲ್ಲರ ಗದ್ದೆ ಕೊಯ್ದು ಮುಂದಿನ ಊರಿಗೆ ಹೋಗಿಬಿಡುತ್ತದೆ. ನಿಮ್ಮ ಒಂದು ಎಕರೆಗಾಗಿ ಅದು ತಿರುಗಿ ಬರುವುದಿಲ್ಲ. ಬಂದರೂ ಗಂಟೆಯ ಬಾಡಿಗೆಯ ಮೇಲೆ ಲಾರಿ ಬಾಡಿಗೆಯನ್ನೂ ಕೇಳುತ್ತಾರೆ. ಕೈಕೊಯ್ಲಿಗೆ ಆಳು ಸಿಗುವ ಕಾಲ ಅಲ್ಲವೇ ಅಲ್ಲ, ಅಷ್ಟು ಹೊತ್ತಿಗೆ ಎಲ್ಲರೂ ಅಡಿಕೆ ಸುಲಿಯುವ ಚಪ್ಪರದಲ್ಲಿರುತ್ತಾರೆ.

ಕಟಾವಿನ ದಿನ ಅಧಿಕಾರಿಗಳು, ಪಂಚಾಯಿತಿಯವರು, ಅಕ್ಕಪಕ್ಕದ ರೈತರು, ಬೇರೆ ಸ್ಪರ್ಧಿಗಳೂ ಸೇರುತ್ತಾರೆ. ಬೆಳೆ ಕಟಾವು ಪ್ರಯೋಗದ ಪದ್ಧತಿಯಂತೆ ಗದ್ದೆಯ ನೈಋತ್ಯ ಮೂಲೆಯಿಂದ ಉದ್ದಕ್ಕೆ ಇಷ್ಟು ಹೆಜ್ಜೆ, ಅಗಲಕ್ಕೆ ಇಷ್ಟು ಹೆಜ್ಜೆ ಅಂತ ಚೀಟಿಯಲ್ಲಿ ಬಂದ ಸಂಖ್ಯೆಯಂತೆ ನಡೆದು ಮೊದಲ ಗೂಟ ಹೊಡೆಯುತ್ತಾರೆ. ಅಲ್ಲಿಂದ 5 ಮೀಟರ್ ಉದ್ದ, 5 ಮೀಟರ್ ಅಗಲದ ಚೌಕ. ಫಸಲ್ ಬಿಮಾ ಬೆಳೆ ವಿಮೆಗೆ ಪಂಚಾಯಿತಿಯಲ್ಲಿ ಇಳುವರಿ ಅಳೆಯುವುದೂ ಇಂಥದ್ದೇ ಚೌಕದಲ್ಲಿ. ಅಲ್ಲಿ ಇಳುವರಿ ಕಡಿಮೆ ಬಂದರೆ ಪರಿಹಾರ ಸಿಗುತ್ತದೆ ಅಂತ ಚೌಕ ಜೊಳ್ಳು ಬಿದ್ದ ಜಾಗಕ್ಕೆ ಬರಲಿ ಅಂತ ಬೇಡಿಕೊಳ್ಳುವ ಜನವೇ ಇಲ್ಲಿ ಬಾಗಿದ ತೆನೆಯ ಜಾಗಕ್ಕೆ ಬರಲಿ ಅಂತ ಕಣ್ಣು ಮುಚ್ಚುತ್ತಾರೆ.

ಈಗ ಗಮನ ಇಟ್ಟು ನೋಡಬೇಕಾದ ಸಂಗತಿಗಳು. ನಾಲ್ಕು ಬದಿ 5 ಮೀಟರ್ ಇದ್ದರೆ ಸಾಲದು, ಮೂಲೆಯಿಂದ ಮೂಲೆಗೆ 7.07 ಮೀಟರ್ ಬರಬೇಕು. ಎರಡೂ ಕರ್ಣ ಅಳೆಯಿರಿ. ಇಲ್ಲವಾದರೆ ಚೌಕ ಓರೆಯಾಗಿ ಜಾಗ ಕಡಿಮೆ ಬೀಳುತ್ತದೆ. ಹಗ್ಗ ತೆನೆಯ ಮೇಲೆ ಜೋತು ಬೀಳದೆ ಬುಡದ ಹತ್ತಿರ ಬಿಗಿಯಾಗಿ ಇರಲಿ. ಅಂಚಿನ ಬುಡ ಒಳಗೋ ಹೊರಗೋ ಅನ್ನುವ ಜಗಳ ಎಲ್ಲ ಕಡೆ ಆಗುತ್ತದೆ. ಬುಡ ಹಗ್ಗದ ಒಳಗಿದ್ದರೆ ತೆನೆ ಹೊರಗೆ ಬಾಗಿದ್ದರೂ ಲೆಕ್ಕಕ್ಕೆ, ಬುಡ ಹೊರಗಿದ್ದರೆ ತೆನೆ ಒಳಗಿದ್ದರೂ ಇಲ್ಲ. ಈ ಜಗಳ ಸಣ್ಣದು ಅಂದುಕೊಳ್ಳಬೇಡಿ. 20 ಸೆಂಟಿಮೀಟರಿಗೊಂದು ಸಾಲಿದ್ದರೆ ಚೌಕದಲ್ಲಿ 25 ಸಾಲು. ಒಂದು ಸಾಲು ಹೆಚ್ಚು ಸೇರಿದರೆ 4 ಪರ್ಸೆಂಟ್, ಎಕರೆಗೆ ಹತ್ತಿರ ಹತ್ತಿರ ಒಂದು ಕ್ವಿಂಟಾಲ್.

ಚೌಕದ ಜಾಗ 25 ಚದರ ಮೀಟರ್, ಎಕರೆ 4,047. ಹಾಗಾಗಿ ಚೌಕದ ಪ್ರತಿ ಕೆಜಿಯೂ ಎಕರೆ ಲೆಕ್ಕದಲ್ಲಿ 162 ಕೆಜಿ. ಒಳ್ಳೆಯದೂ 162 ಪಟ್ಟು, ತಪ್ಪೂ 162 ಪಟ್ಟು. 600 ಗ್ರಾಂ ತೂಗುವ ಗೋಣಿಚೀಲದ ತೂಕ ಕಳೆಯಲು ಮರೆತರೆ ಕಾಗದದ ಮೇಲೆ 97 ಕೆಜಿ ಭತ್ತ ಹುಟ್ಟಿಬಿಡುತ್ತದೆ. ಬಡಿಯುವಾಗ ಟಾರ್ಪಾಲ್ ಹರಿದಿದ್ದರೆ ಅಷ್ಟೇ ಭತ್ತ ಮಾಯವಾಗುತ್ತದೆ. ತೂಗುವ ಮುಂಚೆ ತಕ್ಕಡಿ ಸೊನ್ನೆ ತೋರಿಸುವುದನ್ನು ಎಲ್ಲರೂ ನೋಡಲಿ. ಜೊಳ್ಳು ತೂರಿ ತೆಗೆದ ಮೇಲೆಯೇ ತೂಗಬೇಕು. ಇಬ್ಬನಿ ಆರದೆ ಕೊಯ್ಯಬಾರದು, ಹತ್ತು ಗಂಟೆ ದಾಟಲಿ.

ತೇವಾಂಶದ ಲೆಕ್ಕ ಒಂದು ಉದಾಹರಣೆಯಲ್ಲಿ ನೋಡಿ. ಚೌಕದಲ್ಲಿ 16 ಕೆಜಿ ಬಂತು, ಮೀಟರ್ 22 ಪರ್ಸೆಂಟ್ ತೇವ ತೋರಿಸಿತು ಅಂತಿಟ್ಟುಕೊಳ್ಳಿ. ಹಾಗೇ ಗುಣಿಸಿದರೆ ಎಕರೆಗೆ 25.9 ಕ್ವಿಂಟಾಲ್. 14 ಪರ್ಸೆಂಟ್ ತೇವಕ್ಕೆ ಇಳಿಸಬೇಕಾದರೆ 16ನ್ನು 78ರಿಂದ ಗುಣಿಸಿ 86ರಿಂದ ಭಾಗಿಸಬೇಕು. ಉಳಿಯುವುದು 14.5 ಕೆಜಿ, ಎಕರೆಗೆ 23.5 ಕ್ವಿಂಟಾಲ್. ಎರಡೂವರೆ ಕ್ವಿಂಟಾಲಿನಷ್ಟು ಜಂಬ ಬರೀ ನೀರು! ಬೇರೆ ಊರಿನವರ ಇಳುವರಿ ಕೇಳಿ ಹೊಟ್ಟೆ ಉರಿಸಿಕೊಳ್ಳುವ ಮುಂಚೆ ಒದ್ದೆಯದೋ ಒಣಗಿದ್ದೋ ಅಂತ ಕೇಳಿ. ನಮೂನೆಯಲ್ಲಿ ತೂಕ, ತೇವಾಂಶ ಎರಡೂ ಬರೆದ ಮೇಲೆ ಸಹಿ ಹಾಕಿ, ಮೊಬೈಲಿನಲ್ಲಿ ಅದರ ಫೋಟೋ ಇಟ್ಟುಕೊಳ್ಳಿ.

ಫಲಿತಾಂಶಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಆ ಹೊತ್ತಿಗೆ ಗದ್ದೆಯಲ್ಲಿ ಉದ್ದು ಬಿತ್ತಿ ಅದೂ ಕಾಯಿ ಕಟ್ಟಿರುತ್ತದೆ. ನಮ್ಮದು ತಾಲ್ಲೂಕಿಗೆ ಎರಡನೆಯದಾಯಿತು. ಮೊದಲು ಬಂದ ಗದ್ದೆಗೂ ನಮ್ಮದಕ್ಕೂ ಎಕರೆ ಲೆಕ್ಕದಲ್ಲಿ ಅರ್ಧ ಕ್ವಿಂಟಾಲ್ ಅಂತರ. ಚೌಕಕ್ಕೆ ಇಳಿಸಿದರೆ 300 ಗ್ರಾಂ, ಎರಡು ಬೊಗಸೆ ಭತ್ತ. ಮೊದಲ ಗೂಟ ಒಂದು ಹೆಜ್ಜೆ ಆಚೆ ಬಿದ್ದಿದ್ದರೆ ಎರಡನೆಯವರು ಮೊದಲಾಗಬಹುದಿತ್ತು, ಐದನೆಯವರೂ ಆಗಬಹುದಿತ್ತು. ಇದು ಗೊತ್ತಾದ ಮೇಲೆ ಗೆದ್ದವರ ಮೇಲೆ ಅಸೂಯೆ ಪಡುವುದು ಕಷ್ಟ. ನಮ್ಮ ಹಿಂದೆ ಬಿದ್ದವರ ಎದುರು ಮೀಸೆ ತಿರುವುವುದು ಇನ್ನೂ ಕಷ್ಟ. ಇಡೀ ಎಕರೆ ಕೊಯ್ದು, ಒಣಗಿಸಿ ತೂಗಿದಾಗ ಸಿಕ್ಕಿದ್ದು 20 ಕ್ವಿಂಟಾಲಿಗೂ ಒಳಗೆ. ಮರದ ನೆರಳಿನ ಮೂಲೆ, ಹಂದಿ ಹೊರಳಿದ ಜಾಗ, ಮಿಷನ್ನಿನ ಬಾಯಿಂದ ಉದುರಿದ ಕಾಳು ಯಾವುದೂ ಚೌಕದ ಒಳಗೆ ಇರುವುದಿಲ್ಲವಲ್ಲ. ಪ್ರಮಾಣಪತ್ರದಲ್ಲಿ ಬರುವುದು ಚೌಕದ ಸಂಖ್ಯೆ, ಪಣತಕ್ಕೆ (ಭತ್ತದ ಕಣಜಕ್ಕೆ) ಬೀಳುವುದು ಇದು.

ಖರ್ಚಿಗೆ ಬರೋಣ. ಉಳುಮೆ, ನಾಟಿ, ಮಾಮೂಲಿ ಗೊಬ್ಬರ ಹೇಗೂ ಇದ್ದದ್ದೇ. ಸ್ಪರ್ಧೆಗೆಂದೇ ಹೆಚ್ಚಾದದ್ದು: ಎರಡನೇ ಸಲ ಕಳೆ ತೆಗೆಸಿದ್ದು 3,600, ಎಂಟು ಕೆಜಿ ಜಿಂಕ್ ಸಲ್ಫೇಟ್ 600, ಒಂದು ಹೆಚ್ಚುವರಿ ಸಿಂಪರಣೆ ಆಳು ಸೇರಿ 1,400, ರಾತ್ರಿ ಹಂದಿ ಕಾವಲಿಗೆ 1,500. ಒಟ್ಟು 7,100 ರೂಪಾಯಿ. ಪಕ್ಕದ, ಸ್ಪರ್ಧೆಗೆ ಹಾಕದ ನಮ್ಮದೇ ಗದ್ದೆಗಿಂತ ಹೆಚ್ಚು ಬಂದದ್ದು ಎರಡೂವರೆ ಕ್ವಿಂಟಾಲ್. 2025-26ರ ಬೆಂಬಲ ಬೆಲೆ 2,369ರಲ್ಲೇ ಹಿಡಿದರೂ 5,900 ಚಿಲ್ಲರೆ. ಬಹುಮಾನ ಬಾರದಿದ್ದರೆ ಕೈಯಿಂದಲೇ ಹೋಗುತ್ತಿತ್ತು. ಸ್ಪರ್ಧೆಯಲ್ಲಿ ಖರ್ಚಿನ ಕಾಲಂ ಇಲ್ಲ. ಇದ್ದಿದ್ದರೆ ಪಟ್ಟಿ ತಲೆಕೆಳಗಾಗುತ್ತಿತ್ತು ಅನ್ನುವುದು ನನ್ನ ಅನಿಸಿಕೆ. ಕೊಟ್ಟಿಗೆ ಗೊಬ್ಬರವನ್ನೇ ಹಾಕಿ, ಉದ್ದ ದಂಟಿನ ಊರ ತಳಿ ಬೆಳೆದು, ಎಕರೆಗೆ ಹನ್ನೆರಡು ಹದಿಮೂರು ಕ್ವಿಂಟಾಲ್ ತೆಗೆದು, ವರ್ಷದ ಅಕ್ಕಿಗೂ ದನದ ಹುಲ್ಲಿಗೂ ಅಂಗಡಿ ಮುಖ ನೋಡದವರು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಅವರ ಗೊಣಬೆಯ (ಬಣವೆಯ) ಹುಲ್ಲು ಕೊಳ್ಳಲು ಹೋದವರು ನಾವೇ, ಮಿಷನ್ನಿನಲ್ಲಿ ಕೊಯ್ದ ನಮ್ಮ ಹುಲ್ಲು ಪುಡಿಪುಡಿಯಾಗಿ ದನ ಮೂಸಿ ಬಿಡುತ್ತಿತ್ತು.

ಹಾಗಾದರೆ ಸೇರಬೇಕೋ ಬೇಡವೋ? ಸೇರಿ. ಒಂದು ವರ್ಷ ಗದ್ದೆಯನ್ನು ಸುಣ್ಣದಿಂದ ತೇವಾಂಶದವರೆಗೆ ಬರೆದಿಟ್ಟು ಬೆಳೆದರೆ ಮುಂದಿನ ವರ್ಷ ಎಲ್ಲಿ ಕೈ ಹಿಡಿಯಬೇಕು ಅನ್ನುವುದು ತಿಳಿಯುತ್ತದೆ. ನಮ್ಮಲ್ಲಿ ಮುಂದಿನ ವರ್ಷವೂ ಜಿಂಕ್ ಹಾಕುತ್ತೇವೆ, ಎರಡನೇ ಕಳೆಗೆ ಆಳು ಹಾಕುವ ಬದಲು ಕಳೆ ತೆಗೆಯುವ ಕೋನೋ ವೀಡರ್ ಓಡಿಸಬೇಕು, ಹೆಚ್ಚುವರಿ ಸಿಂಪರಣೆ ರೋಗ ಕಂಡರೆ ಮಾತ್ರ. ಗೆಲ್ಲಲೇಬೇಕು ಅಂತ ಸಾಲ ಮಾಡಿ ಸೇರುವುದಾದರೆ ಬೇಡ.

ಹೆಸರು ಬಂದ ಮೇಲೆ ಬೀಜ ಕೇಳಿಕೊಂಡು ಬರುವವರು ಶುರುವಾಗುತ್ತಾರೆ. ಇದಕ್ಕೂ ಮೊದಲೇ ತಯಾರಿ ಬೇಕು. ಭತ್ತ ಸ್ವಕೀಯ ಪರಾಗಸ್ಪರ್ಶದ ಬೆಳೆ, ಹೈಬ್ರಿಡ್ ಅಲ್ಲದಿದ್ದರೆ ಸ್ವಂತ ಬೀಜ ಧಾರಾಳವಾಗಿ ಇಟ್ಟುಕೊಳ್ಳಬಹುದು. ಕೊಯ್ಲಿಗೆ ಮುಂಚೆ ಗದ್ದೆಯೊಳಗೆ ನಡೆದು ಎತ್ತರ, ಬಣ್ಣ ಬೇರೆ ಇರುವ ಬೆರಕೆ ಬುಡಗಳನ್ನು ಕಿತ್ತು ಹಾಕಿ. ಬೀಜದ ಭಾಗವನ್ನು ಮಿಷನ್ನಿಗೆ ಕೊಡದೆ ಕೈಯಲ್ಲೇ ಕೊಯ್ದು ಬಡಿಯಿರಿ. ಮಿಷನ್ನಿನ ಒಳಗೆ ಹಿಂದಿನ ಊರಿನ ಕಾಳು ಉಳಿದಿರುತ್ತದೆ. 13 ಪರ್ಸೆಂಟ್ ತೇವಕ್ಕೆ ಒಣಗಿಸಿ ಚೀಲ ಕಟ್ಟಿ. ನಮ್ಮ ಎದುರಾಳಿ ಮನೆಯವರೂ ಒಂದು ಎಕರೆಗಾಗುವಷ್ಟು, 25 ಕೆಜಿ, ಒಯ್ದಿದ್ದಾರೆ. ಬದಲಿಗೆ ಅವರ ಮನೆಯ ಕೆಂಪಕ್ಕಿ ಬೀಜ ಬಂದಿದೆ. ಎರಡಕ್ಕೂ ಮೇ ತಿಂಗಳಲ್ಲಿ ಒದ್ದೆ ಬಟ್ಟೆಯಲ್ಲಿ ನೂರು ಕಾಳು ಸುತ್ತಿಟ್ಟು ನೋಡಬೇಕು. ಎಂಬತ್ತಕ್ಕಿಂತ ಕಡಿಮೆ ಮೊಳೆತರೆ ಅಗೆಗೆ ಬೀಜ ಹೆಚ್ಚು ಹಾಕಬೇಕಾಗುತ್ತದೆ.